ಬ್ಯಾಂಕ್ ಗುಮಾಸ್ತನ ಸಂಜೆ ತರಗತಿ

ಅಮೆರಿಕದಲ್ಲಿ ಅಚ್ಚಾದ ಕೆಲವು ಮಕ್ಕಳ ಪುಸ್ತಕಗಳ ಮುಖಪುಟದ ಮೇಲೆ ಬಂಗಾರದ ಬಣ್ಣದ ಒಂದು ದುಂಡು ಮುದ್ರೆ ಇರುತ್ತದೆ. ಆ ದೇಶದ ಗ್ರಂಥಾಲಯ ಸಂಘ 1938ರಿಂದ ಪ್ರತಿ ವರ್ಷ ಮಕ್ಕಳ ಚಿತ್ರಪುಸ್ತಕದ ಕಲಾವಿದರಿಗೆ ಕೊಡುತ್ತಿರುವ ಕಾಲ್ಡೆಕಾಟ್ ಪದಕದ ಗುರುತು ಅದು. ಹತ್ತಿರದಿಂದ ನೋಡಿದರೆ ಅದರಲ್ಲಿ ಹಿಡಿತಕ್ಕೆ ಸಿಗದೆ ಓಡುತ್ತಿರುವ ಕುದುರೆಯೊಂದು, ಅದರ ಮೇಲೆ ಹೇಗೋ ಅಂಟಿಕೊಂಡಿರುವ ಒಬ್ಬ ಮನುಷ್ಯ ಕಾಣುತ್ತಾರೆ. ಈ ಚಿತ್ರವನ್ನು ಮೊದಲು ಬರೆದವರು ರ‍್ಯಾಂಡಾಲ್ಫ್ ಕಾಲ್ಡೆಕಾಟ್. ಪದಕಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಆದರೆ ಅವರು ಚಿತ್ರಕಾರರಾಗಿ ಜೀವನ ಶುರು ಮಾಡಿದವರಲ್ಲ. ಹದಿನೈದನೆಯ ವಯಸ್ಸಿನಿಂದ ಇಪ್ಪತ್ತಾರರವರೆಗೆ ಅವರು ಬ್ಯಾಂಕ್ ಗುಮಾಸ್ತರಾಗಿದ್ದರು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಹಗಲು ಜರ್ನಲ್ ಎಂಟ್ರಿ, ಟ್ರಯಲ್ ಬ್ಯಾಲೆನ್ಸ್. ರಾತ್ರಿ ಓದು ಮುಗಿದ ಮೇಲೆ ತಮ್ಮ ತಂಗಿಯರಿಗಾಗಿ ರಫ್ ಪುಸ್ತಕದಲ್ಲಿ ಕೋಳಿ, ಮೇಕೆ, ಬಸ್ಸು. ಹಾಗಾಗಿ ಈ ಮನುಷ್ಯನ ಜೀವನದಲ್ಲಿ ಎಲ್ಲರೂ ಎರಡು ಸಾಲಿನಲ್ಲಿ ದಾಟಿ ಹೋಗುವ ಆ ಹನ್ನೊಂದು ಬ್ಯಾಂಕಿನ ವರ್ಷಗಳ ಮೇಲೆಯೇ ನನ್ನ ಕಣ್ಣು ಹೆಚ್ಚು ನಿಂತಿದೆ. ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕಾಲ್ಡೆಕಾಟ್ ಹುಟ್ಟಿದ್ದು 1846ರ ಮಾರ್ಚ್ 22ರಂದು, ಇಂಗ್ಲೆಂಡಿನ ಚೆಸ್ಟರ್ ಎಂಬ ಹಳೆಯ ಊರಿನಲ್ಲಿ. ತಂದೆ ಟೋಪಿ ಮತ್ತು ಬಟ್ಟೆ ವ್ಯಾಪಾರಿ, ಮುಂದೆ ಲೆಕ್ಕಪತ್ರದ ಕೆಲಸಕ್ಕೂ ಇಳಿದವರು. ಎರಡು ಮದುವೆಗಳಿಂದ ಹದಿಮೂರು ಮಕ್ಕಳಿದ್ದ ಮನೆ ಅದು. ರ‍್ಯಾಂಡಾಲ್ಫ್‌ಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಚಿಕ್ಕಂದಿನಲ್ಲೇ ಬಂದ ಸಂಧಿವಾತ ಜ್ವರ ಅವನ ಹೃದಯವನ್ನು ದುರ್ಬಲ ಮಾಡಿ ಹೋಯಿತು. ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಒಮ್ಮೆ ಹಾಳಾದ ಹೃದಯ ಹಾಳಾದಂತೆಯೇ ಇರುತ್ತಿತ್ತು. ಹುಡುಗ ಸುಮ್ಮನೆ ಕೂರುವವನಲ್ಲ. ಮರದ ತುಂಡಿನಲ್ಲಿ, ಜೇಡಿಮಣ್ಣಿನಲ್ಲಿ ಪ್ರಾಣಿಗಳನ್ನು ಮಾಡುತ್ತಿದ್ದ, ಸಿಕ್ಕ ಕಾಗದದಲ್ಲೆಲ್ಲ ಚಿತ್ರ ಬರೆಯುತ್ತಿದ್ದ. ತಂದೆಗೆ ಇದು ರುಚಿಸಲಿಲ್ಲ. ಲೆಕ್ಕ ಬಲ್ಲ ತಂದೆ ಮಗನಿಗೂ ಲೆಕ್ಕದ ಕೆಲಸವನ್ನೇ ನೋಡಿದರು. 1861ರಲ್ಲಿ ಶಾಲೆ ಬಿಡಿಸಿ ಶ್ರಾಪ್‌ಶೈರ್ ಜಿಲ್ಲೆಯ ವಿಟ್‌ಚರ್ಚ್ ಎಂಬ ಸಣ್ಣ ಊರಿನ ಬ್ಯಾಂಕಿಗೆ ಸೇರಿಸಿದರು.

ಅದೇ ವರ್ಷ ಒಂದು ಘಟನೆ ನಡೆಯಿತು. ಚೆಸ್ಟರ್ ರೈಲು ನಿಲ್ದಾಣದ ಬಳಿಯ ದೊಡ್ಡ ಹೋಟೆಲೊಂದಕ್ಕೆ ಬೆಂಕಿ ಬಿತ್ತು. ಹದಿನೈದರ ಹುಡುಗ ಅದನ್ನು ಚಿತ್ರ ಬರೆದು, ವರದಿಯನ್ನೂ ಜೊತೆಗಿಟ್ಟು ಲಂಡನ್ನಿನ ಪ್ರಸಿದ್ಧ ಸಚಿತ್ರ ವಾರಪತ್ರಿಕೆಗೆ ಕಳಿಸಿದ. ಅಚ್ಚಾಯಿತು. ನಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಮರುದಿನವೇ ಕೆಲಸ ಬಿಡುವ ಮಾತು ಬರುತ್ತಿತ್ತು. ಅವನು ಬ್ಯಾಂಕಿಗೆ ಹೋದ.

ವಿಟ್‌ಚರ್ಚ್‌ನ ಆರು ವರ್ಷಗಳು ವ್ಯರ್ಥವಾದವು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಊರ ಹೊರಗಿನ ತೋಟದ ಮನೆಯೊಂದರಲ್ಲಿ ಬಾಡಿಗೆಗಿದ್ದು ಅವನು ಬ್ಯಾಂಕಿಗೆ ಬರುತ್ತಿದ್ದ. ಬ್ಯಾಂಕಿನ ಗಿರಾಕಿಗಳು ಸುತ್ತಲಿನ ಹಳ್ಳಿಗಳ ರೈತರು; ಕೆಲಸದ ಮೇಲೆ ಅವರ ಮನೆಗಳಿಗೂ ಹೋಗಬೇಕಾಗುತ್ತಿತ್ತು. ಕುದುರೆ ಸವಾರಿ, ಮೀನು ಹಿಡಿಯುವುದು, ದನದ ಸಂತೆ, ಬೇಟೆಗೆ ಹೊರಟ ದೊಡ್ಡವರ ಗದ್ದಲ, ಹೆಂಟೆ ಬಿದ್ದ ಹೊಲ, ಮಳೆಯಲ್ಲಿ ನೆನೆದ ಬೇಲಿ, ಹಳೆಯ ಮನೆಗಳ ಅಡುಗೆಕೋಣೆ, ಎಲ್ಲವೂ ಅವನ ಕಣ್ಣೊಳಗೆ ಹೋದವು. ರಸೀತಿಗಳ ಹಿಂಬದಿಯಲ್ಲಿ, ಹಳೆಯ ಲಕೋಟೆಗಳ ಮೇಲೆ, ಮಸಿ ಹೀರುವ ಕಾಗದದ ಮೇಲೆ ಅವು ಹೊರಬಂದವು. ಇಪ್ಪತ್ತು ವರ್ಷಗಳ ನಂತರ ಲಂಡನ್ನಿನಲ್ಲಿ ಕೂತು ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲಿರುವ ಹಸು, ನಾಯಿ, ಹೆಬ್ಬಾತು, ಗೇಟು, ಗುಡ್ಡ ಇವೆಲ್ಲ ಈ ಬ್ಯಾಂಕಿನ ದಿನಗಳ ಉಳಿತಾಯ.

ಆದರೆ ಕಂಡದ್ದು ಕೈಗೆ ಬರಬೇಕಲ್ಲ. ಅದಕ್ಕೆ ಅವಕಾಶ ಸಿಕ್ಕಿದ್ದು 1867ರಲ್ಲಿ, ಮ್ಯಾಂಚೆಸ್ಟರಿನ ದೊಡ್ಡ ಬ್ಯಾಂಕೊಂದಕ್ಕೆ ಹೋದ ಮೇಲೆ. ಮ್ಯಾಂಚೆಸ್ಟರ್ ಆಗ ಹೊಗೆಯ ಊರು, ಹತ್ತಿ ಗಿರಣಿಗಳ ಊರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತಾಗ ಅಲ್ಲಿನ ಗಿರಣಿ ಮಾಲೀಕರು ನಮ್ಮ ಧಾರವಾಡದ ಹತ್ತಿಯ ಮೇಲೆ ಕಣ್ಣಿಟ್ಟಿದ್ದರು; ಅದನ್ನು ಹಡಗಿಗೆ ಏರಿಸಲು ಕಾರವಾರದ ಬಂದರು ಬೆಳೆಯಲಿ ಎಂದು ಒತ್ತಾಯಿಸಿದವರೂ ಅವರೇ. ಇಂಥ ಊರಿನಲ್ಲಿ 1838ರಲ್ಲೇ ಒಂದು ವಿನ್ಯಾಸ ಶಾಲೆ ಶುರುವಾಗಿತ್ತು. ಉದ್ದೇಶ ಕಲೆಯನ್ನು ಬೆಳೆಸುವುದಕ್ಕಿಂತ ಹೆಚ್ಚಾಗಿ ಬಟ್ಟೆಯ ಮೇಲೆ ಅಚ್ಚೊತ್ತಲು ಒಳ್ಳೆಯ ಬಳ್ಳಿ, ಹೂವು ಬರೆಯಬಲ್ಲವರನ್ನು ತಯಾರು ಮಾಡುವುದು. ಮುಂದೆ ಅದೇ ಮ್ಯಾಂಚೆಸ್ಟರ್ ಕಲಾ ಶಾಲೆಯಾಯಿತು. ಹಗಲು ದುಡಿಯುವವರಿಗೆ ಸಂಜೆ ತರಗತಿಗಳಿದ್ದವು. ಕಾಲ್ಡೆಕಾಟ್ ಬ್ಯಾಂಕಿನ ಬಾಗಿಲು ಹಾಕಿದ ಮೇಲೆ ಅಲ್ಲಿಗೆ ಹೋಗಿ ಕೂತರು.

ಆ ಕಾಲದ ಇಂಗ್ಲೆಂಡಿನ ಸರ್ಕಾರಿ ಕಲಾ ಶಾಲೆಗಳ ಪಾಠಕ್ರಮ ಇಂದು ಕೇಳಿದರೆ ಬೇಸರ ತರಿಸುತ್ತದೆ. ಮೊದಲು ಅಚ್ಚಾದ ಮಾದರಿ ನೋಡಿ ಬರೀ ಹೊರಗೆರೆ ಎಳೆಯುವುದು. ಅದು ಬಂದ ಮೇಲೆ ಅಲಂಕಾರದ ಬಳ್ಳಿಗಳು. ಆಮೇಲೆ ಸುಣ್ಣದ ಅಚ್ಚಿನ ಮೂರ್ತಿಗಳನ್ನು ಮುಂದಿಟ್ಟುಕೊಂಡು ದಿನಗಟ್ಟಲೆ ನೆರಳು ತುಂಬುವುದು. ಒಂದು ಮೆಟ್ಟಿಲು ಮುಗಿಯದೆ ಇನ್ನೊಂದಿಲ್ಲ. ಇದೇ ಕ್ರಮವೇ ಮುಂಬಯಿ, ಮದರಾಸಿನ ಕಲಾ ಶಾಲೆಗಳಿಗೂ ಬಂತು. ನಮ್ಮಲ್ಲಿ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆ ಅದರ ವಾಸನೆ ಇನ್ನೂ ಬಡಿಯುತ್ತದೆ: ಹೂಜಿ, ಬಕೆಟ್ಟು, ಎರಡು ಬದಿಯೂ ಸಮನಾಗಿರಬೇಕಾದ ವಿನ್ಯಾಸ, ಅಳಿಸಿ ಅಳಿಸಿ ತೂತಾದ ಹಾಳೆ.

ಈ ಕಲಿಕೆಯಿಂದ ಕಾಲ್ಡೆಕಾಟ್ ಅವರಿಗೆ ಏನು ಸಿಕ್ಕಿತು? ಅವರ ಮುಂದಿನ ಚಿತ್ರಗಳಲ್ಲಿ ಸುಣ್ಣದ ಮೂರ್ತಿಯ ನೆರಳೂ ಇಲ್ಲ, ಬಟ್ಟೆಯ ಬಳ್ಳಿಯೂ ಇಲ್ಲ. ಆದ್ದರಿಂದ ಏನೂ ಸಿಗಲಿಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೊರಗೆರೆಯೊಂದನ್ನೇ ತಿಂಗಳುಗಟ್ಟಲೆ ಎಳೆದ ಕೈಗೆ ಗೆರೆಯ ಬೆಲೆ ಗೊತ್ತಾಗುತ್ತದೆ. ಅವರ ಪುಸ್ತಕಗಳಲ್ಲಿ ಓಡುವ ನಾಯಿಯ ಬೆನ್ನನ್ನು ಗಮನಿಸಿ, ಕಿವಿಯಿಂದ ಬಾಲದವರೆಗೆ ಗೆರೆ ಎಲ್ಲೂ ಅನುಮಾನಿಸುವುದಿಲ್ಲ. ಇನ್ನೊಂದು ಲಾಭವೂ ಇತ್ತು. ಆ ತರಗತಿಗಳಿಂದ, ಊರಿನ ಚಿತ್ರಕಾರರ ಒಡನಾಟದಿಂದ ಗುಮಾಸ್ತನಿಗೆ ಕಲಾವಿದರ ಲೋಕದ ಬಾಗಿಲು ತೆರೆಯಿತು. 1869ರಲ್ಲಿ ಅವರ ಕೃತಿ ಮ್ಯಾಂಚೆಸ್ಟರಿನ ಪ್ರದರ್ಶನದಲ್ಲಿ ತೂಗಿತು. ಸ್ಥಳೀಯ ಪತ್ರಿಕೆಗಳು ಅವರ ಹಾಸ್ಯಚಿತ್ರಗಳನ್ನು ಹಾಕಿಕೊಂಡವು. 1870ರಲ್ಲಿ ಲಂಡನ್ನಿಗೆ ಹೋದಾಗ ಥಾಮಸ್ ಆರ್ಮ್‌ಸ್ಟ್ರಾಂಗ್ ಎಂಬ ಚಿತ್ರಕಾರರ ಪರಿಚಯವಾಗಿ, ಅವರ ಮೂಲಕ ಹೆನ್ರಿ ಬ್ಲ್ಯಾಕ್‌ಬರ್ನ್ ಎಂಬ ಸಂಪಾದಕರ ಕೈಗೆ ಈ ಚಿತ್ರಗಳು ತಲುಪಿದವು. ಬ್ಲ್ಯಾಕ್‌ಬರ್ನ್ ತಮ್ಮ ಲಂಡನ್ ಸೊಸೈಟಿ ಪತ್ರಿಕೆಯಲ್ಲಿ ಅವನ್ನು ಅಚ್ಚು ಮಾಡತೊಡಗಿದರು.

ಇಲ್ಲಿ ಕ್ರಮವನ್ನು ಗಮನಿಸಬೇಕು. ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೂ ಅವರು ಒಂದೆರಡು ವರ್ಷ ಬ್ಯಾಂಕಿನಲ್ಲೇ ಇದ್ದರು. 1872ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ ರಾಜೀನಾಮೆ ಕೊಟ್ಟು ಲಂಡನ್ನಿಗೆ ಹೊರಟರು. ತಿಂಗಳ ಸಂಬಳ ಖಚಿತವಾಗಿದ್ದ ಕುರ್ಚಿ, ಹಿಂದೆ ದೊಡ್ಡ ಸಂಸಾರ, ಎದೆಯಲ್ಲಿ ನಂಬಲಾಗದ ಹೃದಯ. ನಮ್ಮ ಮನೆಗಳಲ್ಲಿ ಇಂಥ ನಿರ್ಧಾರಕ್ಕೆ ಎಷ್ಟು ಜನ ಸೇರಿ ಎಷ್ಟು ರಾತ್ರಿ ಮಾತಾಡುತ್ತಾರೆಂದು ನಿಮಗೇ ಗೊತ್ತು.

ಲಂಡನ್ನಿನಲ್ಲಿ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮತ್ತೆ ವಿದ್ಯಾರ್ಥಿಯಾದದ್ದು. ಸ್ಲೇಡ್ ಕಲಾ ಶಾಲೆಗೆ ಸೇರಿ ಪಾಯಿಂಟರ್ ಅವರ ಕೈಕೆಳಗೆ ಅಭ್ಯಾಸ ಮಾಡಿದರು. ಫ್ರಾನ್ಸಿನ ರಾಜಕೀಯ ಗಲಭೆಯಿಂದ ಲಂಡನ್ನಿಗೆ ಬಂದು ಆಶ್ರಯ ಪಡೆದಿದ್ದ ದಾಲೂ ಎಂಬ ಶಿಲ್ಪಿಯ ಕಾರ್ಯಾಗಾರದಲ್ಲಿ ಮಣ್ಣಿನ ಕೆಲಸ ಕಲಿತರು. ಪತ್ರಿಕೆಗೆ ಚಿತ್ರ ಬರೆದು ಹೊಟ್ಟೆ ತುಂಬಿಸಿಕೊಳ್ಳುತ್ತಲೇ ಇದೆಲ್ಲ. 1876ರಲ್ಲಿ ಅವರ ಒಂದು ಲೋಹದ ಉಬ್ಬುಶಿಲ್ಪ ಮತ್ತು ಒಂದು ಬಣ್ಣದ ಚಿತ್ರ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡವು.

ಅದಕ್ಕೂ ಸ್ವಲ್ಪ ಮುಂಚೆ, 1875ರ ಕೊನೆಗೆ, ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಅವರ ಹಳೆಯ ಬರಹಗಳಿಗೆ ಕಾಲ್ಡೆಕಾಟ್ ಚಿತ್ರ ಬರೆದ ಪುಸ್ತಕ ಬಂತು. ಹಳೆಯ ಇಂಗ್ಲಿಷ್ ಹಳ್ಳಿಯ ಹಬ್ಬದ ವರ್ಣನೆ ಅದು. ನೂರಕ್ಕೂ ಹೆಚ್ಚು ಚಿತ್ರಗಳು. ಮೊದಲು ನೋಡಿದ ಒಬ್ಬ ಪ್ರಕಾಶಕರು ಅದನ್ನು ಬೇಡವೆಂದು ವಾಪಸು ಕಳಿಸಿದ್ದರಂತೆ. ಮ್ಯಾಕ್‌ಮಿಲನ್ ಸಂಸ್ಥೆ ಅಚ್ಚು ಹಾಕಿತು, ಹೆಸರು ನಿಂತಿತು.

ಇನ್ನು ಮಕ್ಕಳ ಪುಸ್ತಕಗಳ ಮಾತು. ಎಡ್ಮಂಡ್ ಇವಾನ್ಸ್ ಎಂಬ ಮುದ್ರಕರು ಆಗ ಲಂಡನ್ನಿನಲ್ಲಿ ಬಣ್ಣದ ಮುದ್ರಣಕ್ಕೆ ಹೆಸರಾಗಿದ್ದರು. ಅಗ್ಗದ ಮಕ್ಕಳ ಪುಸ್ತಕ ಎಂದರೆ ಕಣ್ಣು ಕುಕ್ಕುವ ಬಣ್ಣ, ಒರಟು ಗೆರೆ ಎಂದಿದ್ದ ಕಾಲದಲ್ಲಿ, ಅಗ್ಗದ ಪುಸ್ತಕವೂ ಚೆಂದವಾಗಿರಬಹುದು ಎಂದು ನಂಬಿದವರು ಅವರು. ಅವರಿಗಾಗಿ ವರ್ಷಗಟ್ಟಲೆ ಚಿತ್ರ ಬರೆಯುತ್ತಿದ್ದ ವಾಲ್ಟರ್ ಕ್ರೇನ್ ಆ ಕೆಲಸದಿಂದ ಹಿಂದೆ ಸರಿದಾಗ, 1877ರ ಸುಮಾರಿಗೆ, ಇವಾನ್ಸ್ ಕಾಲ್ಡೆಕಾಟ್ ಅವರನ್ನು ಹುಡುಕಿಕೊಂಡು ಬಂದರು.

ಮರದ ಅಚ್ಚಿನ ಮುದ್ರಣ ಹೇಗೆ ನಡೆಯುತ್ತಿತ್ತೆಂದು ತಿಳಿದರೆ ಕಾಲ್ಡೆಕಾಟ್ ಅವರ ಶೈಲಿ ಅರ್ಥವಾಗುತ್ತದೆ. ಚಿತ್ರದ ಗೆರೆಗಳನ್ನು ಗಟ್ಟಿ ಮರದ ಹಲಗೆಯ ಮೇಲೆ ಮೂಡಿಸಿ, ಗೆರೆಯನ್ನು ಮಾತ್ರ ಉಳಿಸಿ ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಈ ಮೊದಲ ಹಲಗೆಯಿಂದ ಗಾಢ ಕಂದು ಬಣ್ಣದ ಗೆರೆಗಳು ಬೀಳುತ್ತವೆ. ಹಾಗೆ ಅಚ್ಚಾದ ಹಾಳೆಗೆ ಕಾಲ್ಡೆಕಾಟ್ ಜಲವರ್ಣ ತುಂಬಿ ಕೊಡುತ್ತಿದ್ದರು. ಅದನ್ನು ನೋಡಿ ಮೈಬಣ್ಣಕ್ಕೊಂದು, ಕೆಂಪಿಗೊಂದು, ನೀಲಿಗೊಂದು, ಹಳದಿಗೊಂದು, ಬೂದು ಬಣ್ಣಕ್ಕೊಂದು ಹಲಗೆ ಕೆತ್ತಬೇಕು. ಒಂದೇ ಹಾಳೆ ಆರು ಸಲ ಯಂತ್ರದ ಕೆಳಗೆ ಹೋಗಬೇಕು. ಪ್ರತಿ ಸಲವೂ ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ಕೂರಬೇಕು. ಚಿತ್ರಕಾರ ಸುಮ್ಮನೆ ಎಳೆದ ಒಂದು ಹೆಚ್ಚಿನ ಗೆರೆ ಕೆತ್ತುವವನಿಗೆ ಇನ್ನಷ್ಟು ಹೊತ್ತಿನ ದುಡಿಮೆ. ಕಾಲ್ಡೆಕಾಟ್ ಗೆರೆಗಳನ್ನು ಬಿಡುತ್ತಾ ಹೋದರು. ಏನನ್ನು ಬಿಡಬೇಕೆಂದು ತಿಳಿಯುವುದೇ ಒಂದು ಶಾಸ್ತ್ರ, ಗೆರೆ ಕಡಿಮೆಯಾದಷ್ಟೂ ತಪ್ಪೂ ಕಡಿಮೆ ಎಂಬುದು ಅವರ ತಿಳಿವಳಿಕೆಯಾಗಿತ್ತು. ಎರಡು ಚುಕ್ಕೆ ಮತ್ತು ಒಂದು ಬಾಗಿದ ಗೆರೆಯಲ್ಲಿ ಅವರು ಸಿಟ್ಟಾದ ಮುದುಕಿಯನ್ನು ತೋರಿಸಬಲ್ಲವರಾಗಿದ್ದರು.

ವಾಣಿಜ್ಯದ ಗೆಳೆಯರಿಗೆ ಇಲ್ಲೊಂದು ಲೆಕ್ಕದ ವಿಷಯವಿದೆ. ಹಲಗೆ ಕೆತ್ತಿಸುವ ಖರ್ಚು, ಕಾಗದ, ಮುದ್ರಣ ಎಲ್ಲದರ ಹೊಣೆ ಇವಾನ್ಸ್ ಅವರದು. ಮೊದಲಿಗೆ 10,000 ಪ್ರತಿ. ಮಾರುವವರು ರೂಟ್ಲೆಜ್ ಸಂಸ್ಥೆ, ಬೆಲೆ ಒಂದು ಶಿಲ್ಲಿಂಗ್. ಕಾಲ್ಡೆಕಾಟ್ ಚಿತ್ರಗಳನ್ನು ಒಂದೇ ಸಲ ಇಡಿಗಂಟಿಗೆ ಮಾರಲಿಲ್ಲ. ಮಾರಾಟವಾದ ಪ್ರತಿಗಳ ಮೇಲೆ ತಮಗೊಂದು ಪಾಲು ಬರುವಂತೆ ಒಪ್ಪಂದ ಮಾಡಿಕೊಂಡರು. ಪುಸ್ತಕ ಬಿದ್ದುಹೋದರೆ ಅವರಿಗೂ ನಷ್ಟ, ಎದ್ದರೆ ಇಬ್ಬರಿಗೂ ಲಾಭ. ಹನ್ನೊಂದು ವರ್ಷ ಬ್ಯಾಂಕಿನಲ್ಲಿ ಕೂತದ್ದು ಇಲ್ಲಿ ಉಪಯೋಗಕ್ಕೆ ಬಂತೆಂದೇ ನಾನು ತಿಳಿದಿದ್ದೇನೆ. 1884ರ ಹೊತ್ತಿಗೆ ಅವರ ಹನ್ನೆರಡು ಪುಸ್ತಕಗಳ ಒಟ್ಟು ಮಾರಾಟ 8,67,000 ಪ್ರತಿ.

1878ರ ಕ್ರಿಸ್‌ಮಸ್ ವೇಳೆಗೆ ಮೊದಲ ಎರಡು ಪುಸ್ತಕಗಳು ಬಂದವು. ಒಂದು ಜಾಕ್ ಕಟ್ಟಿದ ಮನೆಯ ಪದ್ಯ. ಇನ್ನೊಂದು ಜಾನ್ ಗಿಲ್ಪಿನ್ ಎಂಬ ಬಟ್ಟೆ ವ್ಯಾಪಾರಿ ಎರವಲು ಕುದುರೆ ಏರಿ, ಅದು ನಿಲ್ಲದೆ ಊರಿಂದೂರಿಗೆ ಓಡಿದ ಕಥೆ. ಪದಕದ ಮೇಲಿರುವವನು ಈ ಗಿಲ್ಪಿನ್ನನೇ. ಅಲ್ಲಿಂದ ವರ್ಷಕ್ಕೆ ಎರಡರಂತೆ 1885ರವರೆಗೆ ಹದಿನಾರು ಪುಸ್ತಕಗಳು. ಹೆಚ್ಚಿನವು ಇಂಗ್ಲಿಷ್ ಮಕ್ಕಳಿಗೆಲ್ಲ ಬಾಯಿಪಾಠವಾಗಿದ್ದ ಶಿಶುಪ್ರಾಸಗಳು. ನಾಲ್ಕೇ ಸಾಲಿನ ಪ್ರಾಸಕ್ಕೆ ಹತ್ತಾರು ಪುಟ ಚಿತ್ರ ಬರೆಯುವುದು ಹೇಗೆ?

ಅವರ ದೊಡ್ಡತನ ಇರುವುದು ಇಲ್ಲೇ. ಪದ್ಯ ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುವುದಿಲ್ಲ. ಪದ್ಯ ಹೇಳದೆ ಬಿಟ್ಟದ್ದನ್ನು ಹೇಳುತ್ತದೆ. 1882ರ ಪುಸ್ತಕವೊಂದರಲ್ಲಿ ತಟ್ಟೆಯೊಂದು ಚಮಚದ ಜೊತೆ ಓಡಿಹೋಗುತ್ತದೆ. ಪ್ರಾಸ ಅಲ್ಲಿಗೆ ಮುಗಿಯಿತು, ಮಕ್ಕಳು ನಗುತ್ತಾರೆ. ಹಾಳೆ ತಿರುಗಿಸಿದರೆ ಅಕ್ಷರವಿಲ್ಲದ ಒಂದು ಚಿತ್ರ: ತಟ್ಟೆ ನೆಲಕ್ಕೆ ಬಿದ್ದು ಚೂರಾಗಿದೆ, ಚಮಚವನ್ನು ಅದರ ಮನೆಯವರಾದ ಫೋರ್ಕ್ ಮತ್ತು ಚಾಕು ನಡುವೆ ಹಿಡಿದು ಮನೆಗೆ ಕರೆದೊಯ್ಯುತ್ತಿದ್ದಾರೆ. ಒಂದು ಪುಟದಲ್ಲಿ ಒಂದು ಇಡೀ ಸಂಸಾರದ ಕಥೆ. ಅದೇ ಪುಸ್ತಕದ ಇನ್ನೊಂದು ಪ್ರಾಸದಲ್ಲಿ ಮಗುವಿಗೆ ಹೊದಿಸಲು ಅಪ್ಪ ಮೊಲದ ಚರ್ಮ ತರಲು ಹೋಗುತ್ತಾನೆ. ಕೊನೆಯ ಚಿತ್ರದಲ್ಲಿ ಕಿವಿ ಸಮೇತ ಮೊಲದ ಚರ್ಮ ಹೊದ್ದ ಮಗು ತಾಯಿಯ ಜೊತೆ ನಡೆದು ಹೋಗುತ್ತಿದೆ. ಎದುರಿನ ದಿಬ್ಬದ ಮೇಲೆ ಜೀವಂತ ಮೊಲಗಳು ಕೂತು ಅದನ್ನೇ ನೋಡುತ್ತಿವೆ. ಮಗು ಅವುಗಳನ್ನು ನೋಡುತ್ತಿದೆ. ಅದಕ್ಕೆ ಏನು ಅರ್ಥವಾಯಿತೋ ಕಾಲ್ಡೆಕಾಟ್ ಹೇಳುವುದಿಲ್ಲ. ನನ್ನ ತಂಗಿ ಈ ಚಿತ್ರವನ್ನು ಮೊಬೈಲಿನಲ್ಲಿ ನೋಡಿ, ಮೊಲದ ಅಮ್ಮ ಯಾವುದು ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಈ ಪುಸ್ತಕಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ, ಯಾರು ಬೇಕಾದರೂ ನೋಡಬಹುದು, ನೋಡಿ.

ನಮ್ಮ ಓದುಗರಿಗಾಗಿ ಇನ್ನೊಂದು ಸಂಗತಿ. ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಫ್ರೆಡರಿಕ್ ಲೇಟನ್ ಎಂಬ ಪ್ರಸಿದ್ಧ ಚಿತ್ರಕಾರರ ಮನೆಯಿದೆ, ಈಗ ಅದು ವಸ್ತುಸಂಗ್ರಹಾಲಯ. 1877ರಿಂದ ಅವರು ಆ ಮನೆಗೆ ಅರಬ್ ಹಾಲ್ ಎಂಬ ಕೋಣೆಯೊಂದನ್ನು ಸೇರಿಸಿದರು. ದಮಾಸ್ಕಸ್‌ನಿಂದ ತರಿಸಿದ ನೀಲಿ ಹಸಿರು ಹೆಂಚುಗಳ ಗೋಡೆ, ನಡುವೆ ಕಾರಂಜಿ, ಬಾಗಿಲ ಮೇಲೆ ಕುರ್‌ಆನ್ ವಚನಗಳನ್ನು ಬರೆದ ಹೆಂಚುಗಳ ಸಾಲು. ಆ ಕೋಣೆಯ ಕಂಬಗಳ ತಲೆಯ ಮೇಲಿನ ಹಕ್ಕಿಗಳ ವಿನ್ಯಾಸ ಕಾಲ್ಡೆಕಾಟ್ ಅವರದು. ಮೇಲಿನ ಬಂಗಾರದ ಪಟ್ಟಿ ವಾಲ್ಟರ್ ಕ್ರೇನ್ ಅವರದು. ಮಕ್ಕಳ ಪುಸ್ತಕದ ಇಬ್ಬರು ಕಲಾವಿದರು ಡಮಾಸ್ಕಸ್ಸಿನ ಹೆಸರು ತಿಳಿಯದ ಕುಶಲಕರ್ಮಿಗಳ ಪಕ್ಕದಲ್ಲಿ ನಿಂತಿದ್ದಾರೆ. ಜೀವವಿರುವುದನ್ನು ಚಿತ್ರಿಸಬೇಕೇ ಬಾರದೇ ಎಂಬುದರ ಬಗ್ಗೆ ನಮ್ಮ ಹಿರಿಯರಲ್ಲಿ ಭಿನ್ನ ಅಭಿಪ್ರಾಯಗಳಿವೆ, ನನ್ನ ಮನೆಯಲ್ಲೂ ಇವೆ. ಅಜ್ಜನಿಗೆ ನಾನು ಆ ಕೋಣೆಯ ಫೋಟೊ ತೋರಿಸಿದೆ. ಅವರು ಅಕ್ಷರಗಳ ಸಾಲನ್ನು ಬಹಳ ಹೊತ್ತು ನೋಡಿದರು, ಹಕ್ಕಿಗಳ ಬಗ್ಗೆ ಏನೂ ಅನ್ನಲಿಲ್ಲ.

1880ರಲ್ಲಿ ಕಾಲ್ಡೆಕಾಟ್ ಮೇರಿಯನ್ ಬ್ರಿಂಡ್ ಅವರನ್ನು ಮದುವೆಯಾದರು. ಅಷ್ಟೊಂದು ಮಕ್ಕಳನ್ನು ನಗಿಸಿದವರಿಗೆ ಸ್ವಂತ ಮಕ್ಕಳಾಗಲಿಲ್ಲ. ಆರೋಗ್ಯ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಚಳಿಗಾಲ ಬಂದರೆ ಇಂಗ್ಲೆಂಡ್ ಬಿಟ್ಟು ಬಿಸಿಲಿರುವ ಕಡೆಗೆ ಹೋಗಬೇಕು. ಹಾಗಿದ್ದರೂ ಕ್ರಿಸ್‌ಮಸ್‌ಗೆ ಎರಡು ಪುಸ್ತಕ ತಪ್ಪಲಿಲ್ಲ. ಪ್ರತಿ ವರ್ಷ ಹಾಸ್ಯದ ಪುಸ್ತಕ ಮಾಡುತ್ತಿದ್ದ ಮನುಷ್ಯ ಪ್ರತಿ ವರ್ಷವೂ ತನ್ನ ಎದೆಬಡಿತವನ್ನು ಲೆಕ್ಕ ಹಾಕುತ್ತಿದ್ದಿರಬೇಕು. ಆ ಭಯದ ಒಂದು ಗೆರೆಯೂ ಪುಸ್ತಕಗಳಲ್ಲಿಲ್ಲ.

1885ರಲ್ಲಿ ಅಮೆರಿಕದ ಜನಜೀವನವನ್ನು ಚಿತ್ರಿಸಲು ಪತ್ನಿಯೊಡನೆ ಹಡಗು ಹತ್ತಿದರು. ನ್ಯೂಯಾರ್ಕ್‌ನಿಂದ ಪೂರ್ವ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಪ್ರಯಾಣ. ಬಿಸಿಲನ್ನು ಹುಡುಕಿಕೊಂಡು ಫ್ಲೋರಿಡಾ ತಲುಪಿದರೆ ಆ ವರ್ಷ ಅಲ್ಲೂ ಎಂದಿಲ್ಲದ ಚಳಿ. ಕಾಯಿಲೆ ಬಿದ್ದವರು ಏಳಲಿಲ್ಲ. 1886ರ ಫೆಬ್ರವರಿಯಲ್ಲಿ ಸೇಂಟ್ ಆಗಸ್ಟೀನ್ ಎಂಬ ಊರಿನಲ್ಲಿ ತೀರಿಕೊಂಡರು. ನಲವತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ಸಮಾಧಿ ಅಲ್ಲೇ ಇದೆ.

ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ಅವರ ಸ್ನೇಹಿತರು ಒಂದು ಸ್ಮಾರಕ ಮಾಡಿಸಿದರು. ಮಾಡಿದವರು ಆಲ್ಫ್ರೆಡ್ ಗಿಲ್ಬರ್ಟ್ ಎಂಬ ಶಿಲ್ಪಿ. ಸೇನಾಪತಿಗಳು, ನೌಕಾಪಡೆಯ ನಾಯಕರು ಮಲಗಿರುವ ಆ ಜಾಗದಲ್ಲಿ, ಹಳ್ಳಿಯ ಉಡುಪು ತೊಟ್ಟ ಒಂದು ಮಗು ಈ ಬ್ಯಾಂಕ್ ಗುಮಾಸ್ತನ ಮುಖವಿರುವ ಫಲಕವನ್ನು ಕೈಯಲ್ಲಿ ಹಿಡಿದುಕೊಂಡಿದೆ.